ಖಾನಾಪುರದ ಮಳೆಯಲ್ಲಿ ಸ್ಟೇನ್‌ಲೆಸ್ ರೈಫಲ್ಲಿನ ಮಾತು

ನಮ್ಮ ತಂದೆಯವರು ಬೆಳೆ ರಕ್ಷಣೆಗೆಂದು ತೆಗೆದುಕೊಂಡಿದ್ದ .315 ಬೋರಿನ ರೈಫಲ್ ಈಗ ನನ್ನ ಲೈಸೆನ್ಸಿನಲ್ಲಿದೆ. ಹೊಲವಿರುವುದು ಖಾನಾಪುರ ತಾಲೂಕಿನ ಜಾಂಬೋಟಿ ಕಡೆ. ಮಲಪ್ರಭೆ ಹುಟ್ಟುವ ಕಣಕುಂಬಿ ಅಲ್ಲಿಂದ ಹೆಚ್ಚು ದೂರವಿಲ್ಲ. ಮಳೆಗಾಲ ಹಿಡಿಯಿತೆಂದರೆ ಅಡುಗೆಮನೆಯಲ್ಲಿ ಹಾಕಿದ ಅರಿವೆ ಕೂಡ ಎರಡು ದಿನಕ್ಕೆ ಒಣಗದ ಆ ಊರಿನಲ್ಲಿ ಕಬ್ಬಿಣದ ವಸ್ತುವನ್ನು ತುಕ್ಕು ಹಿಡಿಯದಂತೆ ಇಟ್ಟುಕೊಳ್ಳುವುದು ಎಷ್ಟು ಕಷ್ಟವೆಂಬುದು ಕುಡಗೋಲು ಹಿಡಿದವರಿಗೂ ಗೊತ್ತು, ಬಂದೂಕು ಇಟ್ಟವರಿಗಂತೂ ಇನ್ನೂ ಚೆನ್ನಾಗಿ ಗೊತ್ತು.

ಇತ್ತೀಚೆಗೆ ನಮ್ಮ ಭಾಗದ ಲೈಸೆನ್ಸುದಾರರಲ್ಲಿ ಅನೇಕರು ವಿದೇಶಿ ಸ್ಟೇನ್‌ಲೆಸ್ ರೈಫಲ್ಲುಗಳ ವಿಡಿಯೊ ನೋಡಿ, ಅವುಗಳಿಗೆ ತುಕ್ಕೇ ಹಿಡಿಯುವುದಿಲ್ಲ, ಒರೆಸುವ ಗೋಜೂ ಇಲ್ಲ ಎಂದು ಮಾತನಾಡುವುದನ್ನು ಕೇಳುತ್ತಿದ್ದೇನೆ. ಈ ನಂಬಿಕೆ ತಪ್ಪು. ಅಂಥ ರೈಫಲ್ ನಮ್ಮಂಥ ಊರಿಗೆ ಬೇಕೇಬೇಕು ಎಂದು ನಾನೂ ಹೇಳುತ್ತೇನೆ, ಆದರೆ ಬೇರೆಯೇ ಕಾರಣಕ್ಕೆ.

ನನ್ನ ಚಿಕ್ಕಪ್ಪನ ಮಗ ಅಮೆರಿಕದ ಒರೆಗಾನ್ ರಾಜ್ಯದಲ್ಲಿದ್ದಾನೆ. ಅಲ್ಲಿ ಪರವಾನಗಿ ಪಡೆದು ಜಿಂಕೆ ಬೇಟೆಯಾಡುವುದು ಕಾನೂನುಬದ್ಧ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಹವ್ಯಾಸದ ಬೇಟೆಗೆ ಈಗ ಜಾಗವಿಲ್ಲ, ಇರಲೂ ಬಾರದು. ಅವನ ಬಳಿ ಇರುವುದು ಸ್ಟೇನ್‌ಲೆಸ್ ಉಕ್ಕಿನ, ಸಿಂಥೆಟಿಕ್ ಹಿಡಿಕೆಯ (ನಳಿಗೆಯನ್ನು ಕೂರಿಸುವ ಸ್ಟಾಕ್) ಬೋಲ್ಟ್ ಆ್ಯಕ್ಷನ್ ರೈಫಲ್, ಅಂದರೆ ಬೋಲ್ಟ್ ಎಂಬ ಚಿಲಕವನ್ನು ಕೈಯಿಂದ ಹಿಂದೆ ಮುಂದೆ ಎಳೆದು ತೋಟಾ ಹಾಕುವ, ತೆಗೆಯುವ ಬಗೆಯದು. ಈ ವರ್ಗದಲ್ಲಿ ಬಹಳ ಜನ ಬಲ್ಲ ಹೆಸರು ಅಮೆರಿಕದ ರುಗರ್ ಕಂಪನಿಯ ಎಂ77 ಮಾರ್ಕ್ 2; ಅವನದು ಬೇರೆ ಕಂಪನಿಯದು, ಆದರೆ ರಚನೆ ಅದೇ ಬಗೆಯದು. 1898ರ ಮೌಸರ್ ರೈಫಲ್ಲಿನಿಂದ ಬಂದ ಬೋಲ್ಟಿನ ಅಗಲವಾದ ಉಗುರು, ತೋಟಾ ಮ್ಯಾಗಜೀನಿನಿಂದ ಮೇಲೆ ಬರುವಾಗಲೇ ಅದರ ಅಂಚನ್ನು ಕಚ್ಚಿ ಹಿಡಿಯುತ್ತದೆ. ಸೇಫ್ಟಿಗೆ ಮೂರು ಸ್ಥಾನಗಳಿದ್ದು, ನಡುವಿನ ಸ್ಥಾನದಲ್ಲಿ ಕುದುರೆ (ಟ್ರಿಗರ್) ಬಂದಾಗಿರುತ್ತದೆ, ಬೋಲ್ಟ್ ಮಾತ್ರ ತೆರೆಯುತ್ತದೆ. ಅಂದರೆ ಸೇಫ್ಟಿ ತೆಗೆಯದೆಯೇ ರೈಫಲ್ಲನ್ನು ಖಾಲಿ ಮಾಡಬಹುದು. ಮನೆಯಲ್ಲಿ ಮಕ್ಕಳಿರುವವರಿಗೆ ಈ ಒಂದು ಸೌಲಭ್ಯದ ಬೆಲೆ ಎಷ್ಟೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಮೂರು ವರ್ಷಗಳ ಹಿಂದೆ ಅವನು ಮೂರು ದಿನ ಸತತ ಮಳೆಯಲ್ಲಿ ತಿರುಗಿ ಮನೆಗೆ ಬಂದು, ರೈಫಲ್ಲಿನ ಹೊರಮೈಯನ್ನು ಒರೆಸಿ, ಫೋಮಿನ ಪೆಟ್ಟಿಗೆಯಲ್ಲಿಟ್ಟು ಮರೆತುಬಿಟ್ಟ. ಮೂರು ವಾರಗಳ ನಂತರ ತೆಗೆದು ನೋಡಿದರೆ ಹೊರಗೆಲ್ಲ ಹೊಳಪಾಗಿಯೇ ಇತ್ತು. ಹಿಡಿಕೆಯನ್ನು ಬಿಚ್ಚಿದಾಗ ಮಾತ್ರ ನಳಿಗೆಯ ತಳಭಾಗದಲ್ಲಿ ಕಂದು ಚುಕ್ಕೆಗಳೂ, ಬೋಲ್ಟಿನ ಒಳಗಿನ ಸ್ಪ್ರಿಂಗಿನ ಮೇಲೆ ಸ್ಪಷ್ಟವಾದ ತುಕ್ಕೂ ಕಂಡವು. "ಅಣ್ಣಾ, ಇದಕ್ಕೆ ತುಕ್ಕು ಹಿಡಿಯೂದಿಲ್ಲ ಅಂತ ನಂಬಿದ್ದೆ" ಎಂದು ಅವನು ಫೋನಿನಲ್ಲಿ ಹೇಳಿದಾಗ ಅವನ ದನಿ ಬಹಳ ಕುಗ್ಗಿತ್ತು.

ಇದು ಏಕೆ ಹೀಗಾಗುತ್ತದೆ ಎಂಬುದನ್ನು ತಿಳಿದುಕೊಳ್ಳಬೇಕು. ರೈಫಲ್ ನಳಿಗೆಗೆ ಸಾಮಾನ್ಯವಾಗಿ ಬಳಸುವ ಸ್ಟೇನ್‌ಲೆಸ್ ಉಕ್ಕು 416 ಜಾತಿಯದು. ಅದರಲ್ಲಿ ಕ್ರೋಮಿಯಂ ಸುಮಾರು 12ರಿಂದ 14 ಪ್ರತಿಶತ. ಉಳಿದುದರಲ್ಲಿ ಬಹುಪಾಲು ಕಬ್ಬಿಣವೇ. ಕ್ರೋಮಿಯಂ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಕಣ್ಣಿಗೆ ಕಾಣದ ತೆಳುವಾದ ಪದರ ಕಟ್ಟುತ್ತದೆ, ಕಬ್ಬಿಣವನ್ನು ಕಾಯುವುದು ಆ ಪದರ. ಗೀರು ಬಿದ್ದರೂ ಗಾಳಿ ತಾಗಿದರೆ ಪದರ ಮತ್ತೆ ಕೂಡಿಕೊಳ್ಳುತ್ತದೆ. ಆದರೆ ಹಿಡಿಕೆಗೂ ನಳಿಗೆಗೂ ನಡುವಿನ ಸಂದಿಯಲ್ಲಿ ನೀರು ನಿಂತು ಗಾಳಿಯಾಡದಿದ್ದರೆ, ಅಥವಾ ಬೆವರಿನ ಉಪ್ಪು ಉಳಿದರೆ, ಪದರ ಒಡೆದ ಕಡೆ ಮತ್ತೆ ಕೂಡುವುದಿಲ್ಲ. ಇದಲ್ಲದೆ, ಸ್ಟೇನ್‌ಲೆಸ್ ಎಂದು ಮಾರುವ ಅನೇಕ ರೈಫಲ್ಲುಗಳಲ್ಲಿ ಸ್ಪ್ರಿಂಗು, ಪಿನ್ನು, ಸ್ಕ್ರೂಗಳು ಸಾದಾ ಉಕ್ಕಿನವೇ ಆಗಿರುತ್ತವೆ. ಸ್ಟೇನ್‌ಲೆಸ್ಸಿನ ಮೇಲೆ ಸ್ಟೇನ್‌ಲೆಸ್ ಒಣಗಿ ಉಜ್ಜಿದರೆ ಎರಡೂ ಕಚ್ಚಿಕೊಂಡು ಕಿತ್ತುಬರುವುದೂ ಉಂಟು. ಆದ್ದರಿಂದ ಬೋಲ್ಟಿನ ಮುಂಭಾಗದ ಕಿವಿಗಳಿಗೆ (ಅದನ್ನು ಬಿಗಿದು ಹಿಡಿಯುವ ಉಬ್ಬುಗಳಿಗೆ) ಗ್ರೀಸ್ ತಪ್ಪಿಸುವಂತಿಲ್ಲ.

ಹಾಗಾದರೆ ಅದರ ಲಾಭವೇನು? ನಮ್ಮ .315 ರೈಫಲ್ಲಿನ ಕಪ್ಪು ಬಣ್ಣವೂ ಕಬ್ಬಿಣದ ಒಂದು ಆಕ್ಸೈಡೇ, ಆದರೆ ಅದು ಎಣ್ಣೆಯನ್ನು ಹಿಡಿದಿಡುವುದೇ ಹೊರತು ತಾನಾಗಿ ಕಾಯುವುದು ಬಹಳ ಕಡಿಮೆ. ಜಾಂಬೋಟಿಯ ಜುಲೈ ತಿಂಗಳಲ್ಲಿ ಒದ್ದೆ ಕೈಯಿಂದ ಮುಟ್ಟಿ ರಾತ್ರಿ ಒರೆಸದೆ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಬೆರಳಿನ ಗುರುತು ಕೆಂಪಾಗಿರುತ್ತದೆ. ಸ್ಟೇನ್‌ಲೆಸ್ ಆಗಿದ್ದರೆ ಅದೇ ತಪ್ಪಿಗೆ ಕೆಲವು ದಿನಗಳ ಅವಕಾಶ ಸಿಗುತ್ತದೆ. ಬಿತ್ತನೆ, ನಾಟಿ, ಕಳೆ ಎಂದು ದಿನವಿಡೀ ಕೆಸರಿನಲ್ಲಿರುವ ರೈತನಿಗೆ ಆ ಕೆಲವು ದಿನಗಳು ಬಹಳ ದೊಡ್ಡವು.

ಇನ್ನೊಂದು ಮಾತು. ನಮ್ಮ ಬಂದೂಕುಗಳು ಕೆಲಸ ಮಾಡುವಾಗ ಕೆಡುವುದಕ್ಕಿಂತ ಸುಮ್ಮನೆ ಬಿದ್ದಿರುವಾಗ ಕೆಡುವುದೇ ಹೆಚ್ಚು. ಚುನಾವಣೆಯ ನೀತಿಸಂಹಿತೆ ಬಂದಾಗ ಠಾಣೆಗೆ ಒಪ್ಪಿಸುತ್ತೇವೆ. ಒಮ್ಮೆ ನನ್ನ ರೈಫಲ್ ತಿಂಗಳುಗಟ್ಟಲೆ ಬಟ್ಟೆಯ ಚೀಲದಲ್ಲೇ ಗೋಡೆಗೆ ಒರಗಿದ್ದು, ತಿರುಗಿ ಬರುವಾಗ ನಳಿಗೆಯ ಬಾಯಿಯ ಒಳಗೆ ತುಕ್ಕು ತಂದಿತ್ತು. ಬಟ್ಟೆಯ ಚೀಲ ತೇವವನ್ನು ಹೀರಿ ಇಟ್ಟುಕೊಳ್ಳುತ್ತದೆ ಎಂಬುದನ್ನು ಅರಿಯದೆ ಹಾಗೆಯೇ ಕೊಟ್ಟದ್ದು ನನ್ನ ತಪ್ಪು. ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನ ನನ್ನ ಸ್ನೇಹಿತರೊಬ್ಬರ ಬಳಿಯೂ ಇದೇ .315 ಇದೆ, ಅವರಿಗೆ ತುಕ್ಕಿನ ಚಿಂತೆಯೇ ಇಲ್ಲ, ಎರೆಮಣ್ಣಿನ ಧೂಳು ಎಣ್ಣೆಗೆ ಅಂಟಿ ಬೋಲ್ಟ್ ಬಿಗಿಯಾಗುತ್ತದೆ ಎಂಬುದೇ ಅವರ ದೂರು. ಹೀಗಾಗಿ ಎಣ್ಣೆ ಎಷ್ಟು ಹಚ್ಚಬೇಕೆಂಬ ಸಲಹೆ ವಿಜಯಪುರಕ್ಕೂ ಖಾನಾಪುರಕ್ಕೂ ಒಂದೇ ಆಗಲಾರದು.

ವಿದೇಶದಿಂದ ತರಿಸೋಣವೆಂದರೆ ಸಾಮಾನ್ಯ ಲೈಸೆನ್ಸುದಾರನಿಗೆ ಆಮದಿನ ದಾರಿ ದಶಕಗಳಿಂದ ಮುಚ್ಚಿದೆ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ಒಬ್ಬರು ಹೆಚ್ಚೆಂದರೆ ಎರಡು ಬಂದೂಕು ಮಾತ್ರ ಇಟ್ಟುಕೊಳ್ಳಬಹುದು, ಆದ್ದರಿಂದ ಇರುವ ಒಂದೆರಡು ಬಾಳಿಕೆ ಬರಲೇಬೇಕು. ಅದಕ್ಕಾಗಿಯೇ, ಲೀ-ಎನ್‌ಫೀಲ್ಡ್ ರಚನೆಯ ನಮ್ಮ ಈ ಗಟ್ಟಿಮುಟ್ಟಾದ .315 ರೈಫಲ್ಲನ್ನೇ ಸ್ಟೇನ್‌ಲೆಸ್ ನಳಿಗೆ ಮತ್ತು ಬೋಲ್ಟ್ ಹಾಕಿ ದೇಶದಲ್ಲೇ ತಯಾರಿಸಿ, ಪಶ್ಚಿಮ ಘಟ್ಟದ ಅಂಚಿನ ರೈತರಿಗೆ ಸಿಗುವಂತೆ ಮಾಡಬೇಕೆಂಬುದು ನನ್ನ ಒತ್ತಾಯ.

ಅಲ್ಲಿಯವರೆಗೆ, ನಮ್ಮ ಭಾಗದಲ್ಲಿ ಹಳೆಯ ರೈಫಲ್ ಇರುವವರು ಮಳೆ ಹಿಡಿಯುವ ಮೊದಲೇ ತಿಳಿದವರ ಕೈಯಲ್ಲಿ ಕಟ್ಟಿಗೆಯ ಹಿಡಿಕೆಯನ್ನು ಬಿಚ್ಚಿಸಿ ನಳಿಗೆಯ ತಳಭಾಗವನ್ನು ನೋಡಿರಿ. ನಾನು ಈ ವರ್ಷ ಅಲ್ಲಿ ತೆಳುವಾಗಿ ಗ್ರೀಸ್ ಹಚ್ಚಿ, ಕಟ್ಟಿಗೆಯ ಒಳಗಾಲುವೆಗೆ ಅಗಸೆ ಎಣ್ಣೆ ಕುಡಿಸಿ ಒಣಗಿಸಿದ್ದೇನೆ. ಬಟ್ಟೆಯ ಚೀಲವನ್ನು ಮನೆಯಿಂದಲೇ ಹೊರಹಾಕಿದ್ದೇನೆ.