ಸ್ಪಷ್ಟನೆ: ಬ್ರೇಕರಿನ ಕಪ್ಪು ಎಣ್ಣೆಯ ಮೇಲೆ ಹೊಸದು ಸುರಿಯಬೇಡಿ

ಜಮಖಂಡಿ, ಮುಧೋಳ ಕಡೆಯ ಎಲೆಕ್ಟ್ರಿಷಿಯನ್ ಗ್ರೂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: ‘ಆಯಿಲ್ ಸರ್ಕ್ಯೂಟ್ ಬ್ರೇಕರಿನ ಎಣ್ಣೆ ಕಪ್ಪಾದರೆ ಹೊಸದನ್ನು ಕಂಠಮಟ್ಟ ಸುರಿಯಿರಿ, ಸಾಕು.’ ಇದು ತಪ್ಪು. ಅಪಾಯ ಕೂಡ.

ಆಯಿಲ್ ಸರ್ಕ್ಯೂಟ್ ಬ್ರೇಕರ್ ಅಂದರೆ ಕರೆಂಟ್ ಕಡಿಯುವ, ಎಣ್ಣೆ ತುಂಬಿದ ಸ್ವಿಚ್. ಅದರ ಕಾಂಟ್ಯಾಕ್ಟ್ (ಕರೆಂಟ್ ಹಾಯುವ ಲೋಹದ ತುದಿಗಳು) ಬಿಡುವಾಗ ಏಳುವ ಆರ್ಕಿನ (ಕಿಡಿಯ) ಕಾವಿಗೆ ಎಣ್ಣೆ ಒಡೆದು ಹೈಡ್ರೋಜನ್, ಅಸಿಟಿಲೀನ್ ಅನಿಲ ಹುಟ್ಟುತ್ತದೆ, ಕಾರ್ಬನ್ ಮಸಿ ಉಳಿಯುತ್ತದೆ. ಮಸಿಗೆ ತೇವ ಸೇರಿದರೆ ಎಣ್ಣೆ ವೋಲ್ಟೇಜ್ ತಡೆಯುವುದಿಲ್ಲ. ಮೇಲೆ ಸುರಿದ ಹೊಸ ಎಣ್ಣೆಯೂ ಕೆಡುತ್ತದೆ, ಅಷ್ಟೇ. ಇನ್ನು ಟ್ಯಾಂಕಿನ ಮೇಲಿನ ಖಾಲಿ ಜಾಗ ಸುಮ್ನೆ ಬಿಟ್ಟಿದ್ದಲ್ಲ, ಅನಿಲ ಹಿಗ್ಗಲು ಬೇಕು. ಅದನ್ನೂ ತುಂಬಿಸಿದರೆ ಟ್ಯಾಂಕೇ ಸಿಡಿಯಬಹುದು.

ಲೈನ್ ಬಂದ್ ಮಾಡಿ, ಅರ್ಥ್ ಹಾಕಿ, ಹಳೆ ಎಣ್ಣೆ ಇಳಿಸಿ. ತಳದ ಮಸಿ ತೆಗೆದು ಕಾಂಟ್ಯಾಕ್ಟ್ ನೋಡಿ. ತುಂಬುವ ಎಣ್ಣೆಗೆ ಬಿಡಿವಿ ಟೆಸ್ಟ್ (ಎಷ್ಟು ವೋಲ್ಟೇಜ್ ತಡೆಯುತ್ತದೆ ಎಂಬ ಪರೀಕ್ಷೆ) ಮಾಡಿಸಿ: ಎಲೆಕ್ಟ್ರೋಡುಗಳ ನಡುವಿನ 2.5 ಮಿ.ಮೀ. ಗ್ಯಾಪಿನಲ್ಲಿ ಹೊಸ ಎಣ್ಣೆ ಕನಿಷ್ಠ 30 ಕಿಲೋವೋಲ್ಟ್ ತಡೆಯಬೇಕು ಎನ್ನುತ್ತದೆ ಇಂಥ ಎಣ್ಣೆಯ ಭಾರತೀಯ ಮಾನದಂಡ ಐಎಸ್ 335. ಗೇಜಿನ ಗುರುತಿನವರೆಗೆ ಮಾತ್ರ ತುಂಬಿ.

ದಯವಿಟ್ಟು ಆ ಮೆಸೇಜ್ ಮುಂದೆ ಕಳಿಸಬೇಡಿ.