ಬೀಗರ ಬಾಕಿ ಲೆಕ್ಕ

ಮಗ ಸತ್ತ ದುಃಖ ದೊಡ್ಡದೋ, ವರದಕ್ಷಿಣೆ ಬಾಕಿ ಉಳಿದ ದುಃಖ ದೊಡ್ಡದೋ? ಇಂಗ್ಲೆಂಡಿನ ದೊರೆ ಏಳನೇ ಹೆನ್ರಿಯನ್ನು ಕೇಳಬೇಕಿತ್ತು. 1501ರ ನವೆಂಬರಿನಲ್ಲಿ ಹಿರಿಮಗ ಆರ್ಥರ್‌ಗೆ ಸ್ಪೇನಿನ ರಾಜಕುಮಾರಿ ಕ್ಯಾಥರೀನಳನ್ನು ತಂದುಕೊಂಡ. ವರದಕ್ಷಿಣೆ ಮಾತಾಗಿದ್ದು 2 ಲಕ್ಷ ಕ್ರೌನ್ ನಾಣ್ಯ. ಅರ್ಧ ಕೈ ಸೇರಿತ್ತು. ಐದು ತಿಂಗಳು ತುಂಬುವ ಮೊದಲೇ ಹುಡುಗ ತೀರಿಕೊಂಡ.

ಬೀಗ, ಸ್ಪೇನಿನ ದೊರೆ ಫರ್ಡಿನಾಂಡ್ ಏನು ಕಮ್ಮಿ ಆಸಾಮಿಯೇ? ಕೊಟ್ಟ ದುಡ್ಡು, ಮಗಳು ಎರಡನ್ನೂ ವಾಪಸ್ ಕಳಿಸಿ, ಇಲ್ಲಾ ಕಿರಿಮಗನಿಗೆ ತಂದುಕೊಳ್ಳಿ ಎಂದ. ದುಡ್ಡು ವಾಪಸ್ ಎಂದ ತಕ್ಷಣ ಹೆನ್ರಿಗೆ ಸೊಸೆಯ ಮೇಲೆ ಎಲ್ಲಿಲ್ಲದ ಅಕ್ಕರೆ ಬಂತು. 1503ರಲ್ಲಿ ತನ್ನ ಹೆಂಡತಿ ತೀರಿಕೊಂಡಾಗ, ಅವನೇ ಸೊಸೆಯನ್ನು ಮದುವೆಯಾಗುವ ಮಾತೂ ಹೊರಟಿತು. ಹುಡುಗಿಯ ತಾಯಿ ಇಸಬೆಲ್ಲಾ ಛೀ ಅಂದಳು. ಕೊನೆಗೆ ಹನ್ನೆರಡೂ ತುಂಬದ ಕಿರಿಮಗನ ಜೊತೆ ನಿಶ್ಚಿತಾರ್ಥ ಆಯಿತು. ಎರಡು ವರ್ಷದ ಮೇಲೆ ಅದೇ ಹುಡುಗನಿಂದ 'ನನಗೀ ಸಂಬಂಧ ಬೇಡ' ಎಂದು ಗುಟ್ಟಾಗಿ ಬರೆಸಿಟ್ಟುಕೊಂಡದ್ದೂ ಆಯಿತು. ಇನ್ನೂ ಒಳ್ಳೆ ಕಡೆ ಗಿಟ್ಟಬಹುದಲ್ಲ!

ಇದೆಲ್ಲಕ್ಕಿಂತ ಸೊಗಸು ಬೆಳ್ಳಿ ತಟ್ಟೆಗಳ ಕಥೆ. ಬಾಕಿಯಲ್ಲಿ 35 ಸಾವಿರ ಕ್ರೌನ್ ಪಾತ್ರೆ, ಒಡವೆಗಳ ರೂಪದಲ್ಲಿ ಸಲ್ಲಬೇಕಿತ್ತು. ಅವು ಇದ್ದದ್ದು ಕ್ಯಾಥರೀನಳ ಹತ್ತಿರವೇ. ಮಾವ ಖರ್ಚಿಗೆ ಕೊಡುವುದನ್ನು ನಿಲ್ಲಿಸಿದ. ಬಾಕಿ ಇಟ್ಟವರ ಮಗಳಿಗೆ ಸುಮ್ನೆ ಊಟ ಯಾಕೆ ಹಾಕಬೇಕು, ಅಲ್ವಾ? ಅಪ್ಪನೂ ಕಳಿಸಲಿಲ್ಲ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು. ಲಂಡನ್ನಿನ ಡರ್ಹಂ ಹೌಸ್ ಎಂಬ ಬಂಗಲೆಯಲ್ಲಿ ರಾಜಕುಮಾರಿ ಸಾಲ ಮಾಡಿದಳು. ಸಾಲ ಹುಟ್ಟದಾದಾಗ ಪಾತ್ರೆ ಮಾರಿ ತನ್ನ ಜನರ ಹೊಟ್ಟೆ ತುಂಬಿಸಿದಳು. ಮಾರಿದಷ್ಟೂ ವರದಕ್ಷಿಣೆ ಕಮ್ಮಿ. ಅಂದರೆ ಆಕೆ ದಿನಾ ಉಣ್ಣುತ್ತಿದ್ದದ್ದು ತನ್ನ ಮದುವೆಯನ್ನೇ.

1507ರಲ್ಲಿ ಫರ್ಡಿನಾಂಡನಿಗೆ ಉಪಾಯ ಹೊಳೆಯಿತು. ಮಗಳನ್ನೇ ತನ್ನ ರಾಯಭಾರಿ ಮಾಡಿದ. ತನ್ನ ಬೆಲೆಯ ಚೌಕಾಸಿಗೆ ತಾನೇ ಕೂರುವುದು! ಹಡಗಿನ ಖರ್ಚೂ ಇಲ್ಲ.

1509ರ ಏಪ್ರಿಲಿನಲ್ಲಿ ಮುದುಕ ಮಾವ ಸತ್ತ. ಜೂನಿನಲ್ಲಿ ಕಿರಿಮಗ ಎಂಟನೇ ಹೆನ್ರಿಯಾಗಿ ಅವಳ ಕೈ ಹಿಡಿದ. ಅಣ್ಣನ ಹೆಂಡತಿಯಾಗಿದ್ದವಳು ಎಂಬ ತೊಡಕಿಗೆ ಪೋಪರ ಅನುಮತಿ ಮೊದಲೇ ಸಿಕ್ಕಿತ್ತು. ಫರ್ಡಿನಾಂಡ್ ಬಾಕಿಯನ್ನೂ ಕಟ್ಟಿದ.

ಉಳಿದದ್ದು ಒಬ್ಬಳೇ ಮಗಳು. ಗಂಡು ಮಗು ದಕ್ಕಲಿಲ್ಲ. ಮದುವೆಯಾಗಿ 18 ವರ್ಷಕ್ಕೆ ದೊರೆಗೆ ಜ್ಞಾನೋದಯವಾಯಿತು: ಅಣ್ಣನ ಹೆಂಡತಿಯನ್ನು ಕಟ್ಟಿಕೊಂಡದ್ದು ಪಾಪ! ಅಷ್ಟರಲ್ಲಿ ರಾಣಿಯ ಸಖಿ ಆನ್ ಬೊಲಿನ್ ಕಣ್ಣಿಗೆ ಬಿದ್ದದ್ದೂ ಈ ಪಾಪಭೀತಿಗೂ ಸಂಬಂಧವಿಲ್ಲ ಎಂದೇ ನಾವೆಲ್ಲ ನಂಬಬೇಕು.

1529ರಲ್ಲಿ ಲಂಡನ್ನಿನ ಬ್ಲ್ಯಾಕ್‌ಫ್ರೈಯರ್ಸ್‌ನಲ್ಲಿ ವಿಚಾರಣೆ ಕೂತಿತು. 1501ರ ಮೊದಲ ರಾತ್ರಿ ಏನಾದರೂ ನಡೆದಿತ್ತೇ, ಇಲ್ಲವೇ? ನಡೆದಿದ್ದರೆ ಅವಳು ನಿಜಕ್ಕೂ ಅಣ್ಣನ ಹೆಂಡತಿ, ದೊರೆಯ ವಾದ ಗೆದ್ದಂತೆ. ಏನೂ ಇಲ್ಲ ಎಂದಳು ರಾಣಿ. ಕೋಣೆಯಲ್ಲಿದ್ದವಳ ಮಾತು ಯಾರಿಗೆ ಬೇಕು? ಬಾಗಿಲಾಚೆ ಇದ್ದವರನ್ನು ಕರೆಸಿದರು. ಬೆಳಗ್ಗೆ ಎದ್ದ ಆರ್ಥರ್, ರಾತ್ರಿಯೆಲ್ಲ ಸ್ಪೇನಿನಲ್ಲಿದ್ದು ಬಂದೆ, ಕುಡಿಯೋಕೆ ಕೊಡು ಎಂದಿದ್ದನಂತೆ. 28 ವರ್ಷದ ಹಿಂದೆ ಹದಿನೈದರ ಹುಡುಗ ಕೇಳಿದ್ದ ಒಂದು ಲೋಟ ಬಿಯರನ್ನು ಪೋಪರ ಪ್ರತಿನಿಧಿಗಳಾದ ಕಾರ್ಡಿನಲ್‌ಗಳು ಗಂಭೀರವಾಗಿ ಬರೆಸಿಕೊಂಡರು.