ಮಗುವಿಗೆ ಮನೆಯಲ್ಲೇ ಆಯಾ: ಇರಲಿ, ಬೇಡ

ಪರ: ಅಕ್ಕ ಇಲ್ಲದಿದ್ದರೆ ನಮ್ಮ ಮನೆ ನಡೆಯುವುದಿಲ್ಲ

‘ನಿಮ್ಮ ಮನೆಯಲ್ಲಿ ಆಯಾ ಇದ್ದಾರಲ್ಲ, ಪರವಾಗಿ ನೀವೇ ಬರೆದುಬಿಡಿ’ ಎಂದು ಈ ಚರ್ಚೆ ನಡೆಸುವವರು ಕೇಳಿದರು. ಆಯಾ ಇಟ್ಟುಕೊಳ್ಳುವುದು ಬೇರೆ, ಅದೇ ಸರಿ ಎಂದು ವಾದಿಸುವುದು ಬೇರೆ. ಆದರೂ ಒಪ್ಪಿಕೊಂಡೆ. ನಾನಿದನ್ನು ಬರೆಯುವ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ನನ್ನ ಮಗನಿಗೆ ನಮ್ಮ ಆಯಾನೇ, ಅಂದರೆ ನಾವು ಅಕ್ಕ ಎಂದು ಕರೆಯುವವರೇ, ಊಟ ಮಾಡಿಸುತ್ತಿದ್ದಾರೆ. ಇನ್ನು ಬೇಡ ಅನ್ನಲು ನನಗೆ ಬಾಯಿ ಎಲ್ಲಿದೆ?

ಮೊದಲು ಲೆಕ್ಕ. 2017ರ ತಿದ್ದುಪಡಿಯ ಮೇಲೆ ಹೆರಿಗೆ ರಜೆ 26 ವಾರ. ಅಂದರೆ ಆರು ತಿಂಗಳು. ಎದೆಹಾಲಿನ ಜೊತೆ ಬೇರೆ ಊಟ ಶುರು ಮಾಡಿ ಎಂದು ಡಾಕ್ಟರು ಹೇಳುವುದೂ ಆರು ತಿಂಗಳಿಗೇ. ಒಂದು ಬಟ್ಟಲು ರಾಗಿ ಸರಿ ತಿನ್ನಿಸಲು ಮುಕ್ಕಾಲು ಗಂಟೆ ಹಿಡಿಯುವ ಕಾಲಕ್ಕೆ ಸರಿಯಾಗಿ ಅಮ್ಮನ ರಜೆ ಮುಗಿದಿರುತ್ತದೆ. ಅಪ್ಪನ ರಜೆ? ಕೇಂದ್ರ ಸರ್ಕಾರದ ನೌಕರರಿಗೆ 15 ದಿನ. ಖಾಸಗಿಯವರಿಗೆ ಕಾನೂನಿನಲ್ಲಿ ಏನೂ ಇಲ್ಲ, ಕಂಪನಿ ಕೊಟ್ಟಷ್ಟು. ನನಗೆ ಐದು ದಿನ ಸಿಕ್ಕಿತ್ತು. ಅದರಲ್ಲಿ ಎರಡು ದಿನ ಆಸ್ಪತ್ರೆಯ ಇನ್ಶೂರೆನ್ಸ್ ಕೌಂಟರಿನ ಮುಂದೆ ಕಳೆಯಿತು.

ಅಜ್ಜಿ ತಾತ ಇಲ್ವಾ ಎಂದು ಎಲ್ಲರೂ ಕೇಳುತ್ತಾರೆ. ಇದ್ದಾರೆ. ನನ್ನ ಅಮ್ಮನಿಗೆ 64, ಎರಡೂ ಮಂಡಿ ಸವೆದಿವೆ. ಅತ್ತೆಯವರು ವಾರಕ್ಕೆ ಮೂರು ದಿನ ಮಾವನವರನ್ನು ಡಯಾಲಿಸಿಸ್‌ಗೆ ಕರೆದುಕೊಂಡು ಹೋಗಬೇಕು. ಎರಡು ವರ್ಷದ ಗಂಡುಮಗುವಿನ ಹಿಂದೆ ಇವರು ಓಡಬೇಕೇ? ಅಜ್ಜಿ ತಾತ ಇರುವಾಗ ಆಯಾ ಯಾಕೆ ಎನ್ನುವವರು ಅಜ್ಜಿ ತಾತನನ್ನು ಒಂದು ಮಾತು ಕೇಳಿರುವುದಿಲ್ಲ. ಇದನ್ನು ನಾನು ಇನ್ನೂ ನೂರು ಸಲ ಹೇಳಬಲ್ಲೆ. ಮಂಡಿ, ಸ್ವಾಮಿ, ಮಂಡಿ!

ಡೇ ಕೇರ್ ನೋಡಿದೆವು. ಸಂಜೆ ಆರೂವರೆಗೆ ಬಾಗಿಲು ಹಾಕುತ್ತಾರೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್‌ಗೆ ಆರೂವರೆ ಏಳೂವರೆ ಎಂಬ ಭೇದವಿಲ್ಲ. ಮಗುವಿನ ಮೈ ಸ್ವಲ್ಪ ಬಿಸಿಯಾದರೂ ಬಂದು ಕರೆದುಕೊಂಡು ಹೋಗಿ ಎಂದು ಫೋನ್ ಬರುತ್ತದೆ.

ವಿರೋಧ ಬರೆಯುವವರು ಏನು ಹೇಳುತ್ತಾರೆ, ನನಗೆ ಗೊತ್ತು. ‘ತಾ ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು’. ಪಂಥ ಬೇಕಾದರೆ ಕಟ್ಟುತ್ತೇನೆ. ಅವರ ಕಣ್ಣಿಗೆ ಆಯಾ ಎಂದರೆ ಸೀರಿಯಲ್ಲಿನ ವಿಲನ್ನು. ಮಗುವಿನ ಹಾಲು ಕುಡಿದು, ಕನ್ನಡಿ ಮುಂದೆ ನಿಂತು ಯಜಮಾನಿಯ ಸರ ಹಾಕಿಕೊಳ್ಳುವವಳು.

ನಮ್ಮ ಮನೆಯ ಅಕ್ಕ ಸಿಂಧನೂರಿನ ಕಡೆಯವರು. ಸಂಬಳ 22 ಸಾವಿರ, ಊಟ ತಿಂಡಿ, ತಿಂಗಳಿಗೆ ಎರಡು ಭಾನುವಾರ ರಜೆ. ಜೋಳದ ಸೀಮೆಯವರಾದ್ದರಿಂದ ರಾಗಿ ಸರಿ ಗೊತ್ತಿರಲಿಲ್ಲ. ನನ್ನಮ್ಮ ಮಂಡ್ಯದಿಂದ ವಿಡಿಯೊ ಕಾಲ್‌ನಲ್ಲೇ ಹೇಳಿಕೊಟ್ಟರು. ರಾಗಿ ನೆನೆಸಿ, ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ತೆಳುಬಟ್ಟೆಯಲ್ಲಿ ಜರಡಿ ಹಿಡಿಯುವುದು. ಈಗ ಅಮ್ಮನಿಗಿಂತ ನುಣ್ಣಗೆ ಮಾಡುತ್ತಾರೆ. ಅಮ್ಮ ಇದನ್ನು ಓದುವುದಿಲ್ಲ, ಅದಕ್ಕೇ ಧೈರ್ಯವಾಗಿ ಬರೆದೆ. ಮಗ ನನ್ನ ಲ್ಯಾಪ್‌ಟಾಪ್ ಪಕ್ಕ ಬಂದು ‘ಪಪ್ಪಾ, ಏನ್ ಮಾಡಾಕತ್ತೀ?’ ಎನ್ನುತ್ತಾನೆ. ಅಮ್ಮ ‘ಇದೇನ್ಲಾ ಕೂಸು ಇಂಗ್ ಮಾತಾಡ್ತದೆ’ ಎಂದು ಗಾಬರಿಯಾದರು. ನನಗಂತೂ ಖುಷಿ. ನಮ್ಮ ಅಪಾರ್ಟ್‌ಮೆಂಟಿನ ಎಷ್ಟೋ ಮಕ್ಕಳಿಗೆ ಯಾವ ಕನ್ನಡವೂ ಬರುವುದಿಲ್ಲ.

ಹಾಲ್‌ನಲ್ಲಿ ಕ್ಯಾಮೆರಾ ಹಾಕಿಸಿದ್ದೇವೆ. ಮೊದಲ ತಿಂಗಳು ಮೀಟಿಂಗ್‌ನಲ್ಲಿ ಕೂತು ಅದನ್ನೇ ನೋಡುತ್ತಿದ್ದೆ. ಒಂದು ಮಧ್ಯಾಹ್ನ ಮಗ ಮಲಗಿದ್ದ. ಅಕ್ಕ ಕ್ಯಾಮೆರಾಗೆ ಬೆನ್ನು ಹಾಕಿ ಕೂತು ಫೋನಿನಲ್ಲಿ ಯಾರಿಗೋ ಮೆಲ್ಲಗೆ ಮಗ್ಗಿ ಹೇಳಿಕೊಡುತ್ತಿದ್ದರು. ಅವರ ಮಗಳು, ಎರಡನೇ ಕ್ಲಾಸು. ಆವತ್ತಿನಿಂದ ನಾನು ಕ್ಯಾಮೆರಾ ನೋಡುವುದು ಬಿಟ್ಟೆ. ಪರ ಬರೆಯುವವನು ಇದನ್ನು ಹೇಳಬಾರದಿತ್ತೇನೋ. ಇರಲಿ, ಏಳು ಗಂಟೆಗೆ ನನಗೊಂದು ಕಾಲ್ ಇದೆ.

ವಿರೋಧ: ಅಮ್ಮ ಯುಗಾದಿಗೆ ಬರುತ್ತಿದ್ದಳು

ಆಯಾ ಮಗುವಿಗೆ ಹೊಡೆಯುತ್ತಾಳೆ, ನಿದ್ದೆ ಔಷಧಿ ಕುಡಿಸುತ್ತಾಳೆ, ಒಡವೆ ಕದಿಯುತ್ತಾಳೆ ಎಂಬ ಮಾತೆಲ್ಲ ನನ್ನಿಂದ ಬರುವುದಿಲ್ಲ. ನನ್ನ ಅಮ್ಮ ಹನ್ನೊಂದು ವರ್ಷ ಆಯಾ ಆಗಿದ್ದಳು. ಬೆಂಗಳೂರಿನ ಜಯನಗರದ ಒಂದು ಮನೆಯಲ್ಲಿ ಒಂದು ಹೆಣ್ಣುಮಗುವನ್ನು ಮೂರು ತಿಂಗಳಿನಿಂದ ಆರನೇ ಕ್ಲಾಸಿನವರೆಗೆ ಬೆಳೆಸಿದಳು. ಬಹಳ ಚೆನ್ನಾಗಿ ಬೆಳೆಸಿದಳು. ನನ್ನ ತಕರಾರು ಶುರುವಾಗುವುದೇ ಅಲ್ಲಿಂದ.

ಅಮ್ಮ ಹೊರಟಿದ್ದು 1993ರಲ್ಲಿ. ಅಪ್ಪ ತೀರಿಕೊಂಡು ವರ್ಷವಾಗಿತ್ತು, ನನಗೆ ನಾಲ್ಕು. ನಮ್ಮೂರು ಗುಬ್ಬಿಯ ಹತ್ತಿರ. ಗುಬ್ಬಿಯಿಂದ ಬೆಂಗಳೂರು ನೂರು ಕಿಲೋಮೀಟರೂ ಇಲ್ಲ. ಆದರೂ ಅವಳು ಬರುತ್ತಿದ್ದದ್ದು ವರ್ಷಕ್ಕೆ ಮೂರು ಸಲ. ಯುಗಾದಿಗೆ, ಊರ ಜಾತ್ರೆಗೆ, ಗೌರಿ ಹಬ್ಬಕ್ಕೆ. ಗೌರಿ ಹಬ್ಬ ಎಷ್ಟೋ ಸಲ ತಪ್ಪುತ್ತಿತ್ತು. ಆ ಮನೆಯಲ್ಲೂ ಹಬ್ಬ ಅಲ್ವಾ?

ಬರುವಾಗ ಒಂದು ಚೀಲ ತುಂಬ ಆ ಮಗುವಿನ ಹಳೆ ಫ್ರಾಕು ತರುತ್ತಿದ್ದಳು. ಆ ಮಗು ನನಗಿಂತ ನಾಲ್ಕು ವರ್ಷ ಚಿಕ್ಕದು. ಅದರ ಫ್ರಾಕು ನನಗೆ ಎಲ್ಲಿ ಆಗಬೇಕು? ಅತ್ತೆಯ ಮಗಳಿಗೆ ಹೋಗುತ್ತಿತ್ತು. ನನಗೆಂದೇ ಕೊಂಡು ತಂದ ಲಂಗವೂ ಗಿಡ್ಡ. ಕಳೆದ ಸಲ ನೋಡಿ ಹೋದ ಅಳತೆಯೇ ಅವಳ ಕಣ್ಣಲ್ಲಿ ಇರುತ್ತಿತ್ತು. ಅಜ್ಜಿ ಪ್ರತಿ ಸಲವೂ ಅಂಚು ಬಿಚ್ಚಿ ಉದ್ದ ಮಾಡುತ್ತಿದ್ದಳು.

ರಾತ್ರಿ ಎರಡು ಗಂಟೆಗೆ ಅಮ್ಮ ಎದ್ದು ಒಲೆಯ ಹತ್ತಿರ ಹೋಗಿಬಿಡುತ್ತಿದ್ದಳು. ‘ಏನೇ?’ ಎಂದು ಅಜ್ಜಿ ಕೇಳಿದರೆ ‘ಹಾಲು ಕಾಯ್ಸೋಕೆ’ ಅನ್ನುತ್ತಿದ್ದಳು. ನಮ್ಮ ಮನೆಯಲ್ಲಿ ಆ ಹೊತ್ತಿಗೆ ಹಾಲೂ ಇರುತ್ತಿರಲಿಲ್ಲ, ಹಾಲು ಕುಡಿಯುವ ಕೂಸೂ ಇರಲಿಲ್ಲ.

ಒಂದನೇ ಕ್ಲಾಸಿನಲ್ಲಿ ನನಗೆ ಅಮ್ಮ ಆಯಿತು. ಮೈ ತುಂಬ ಗುಳ್ಳೆ. ಬೆಂಗಳೂರಿಗೆ ಸುದ್ದಿ ಹೋಯಿತು. ಈ ಅಮ್ಮ ಬಂದಳು, ಆ ಅಮ್ಮ ಬರಲಿಲ್ಲ. ನೀವು ಹೋಗಿ ಬಂದರೆ ಮಗುವಿಗೆ ಅಂಟುತ್ತದೆ ಎಂದು ಆ ಮನೆಯವರು ಹೇಳಿದರಂತೆ. ಅವರು ಕೆಟ್ಟವರಲ್ಲ. ನನ್ನ ಔಷಧಿಗೆಂದು ದುಡ್ಡು ಕಳಿಸಿದರು. ಅವರ ಜಾಗದಲ್ಲಿ ಯಾರಿದ್ದರೂ ಹಾಗೇ ಹೇಳುತ್ತಿದ್ದರು. ಅಜ್ಜಿ ನನ್ನನ್ನು ಬೇವಿನ ಸೊಪ್ಪಿನ ಮೇಲೆ ಮಲಗಿಸಿಕೊಂಡು ಕೂತಳು.

ಒಳ್ಳೆ ಸಂಬಳ ಕೊಡುತ್ತೇವೆ, ನಮ್ಮ ಮನೆಯವರ ಥರಾನೇ ನೋಡಿಕೊಳ್ಳುತ್ತೇವೆ ಎನ್ನುತ್ತೀರಿ. ಮನೆಗೆಲಸದವರಿಗೆ ಕರ್ನಾಟಕದಲ್ಲಿ ಕನಿಷ್ಠ ವೇತನ ನಿಗದಿಯಾದದ್ದು 2004ರಲ್ಲಿ. ಅಮ್ಮ ಕೆಲಸ ಬಿಟ್ಟು ಬಂದದ್ದೂ ಅದೇ ವರ್ಷ. ವೇತನಕ್ಕೆ ಗಂಟೆಯ ಲೆಕ್ಕ ಬೇಕು. ಮಗುವಿನ ಪಕ್ಕ ಮಲಗಿ ರಾತ್ರಿ ಮೂರು ಸಲ ಏಳುವವಳ ಗಂಟೆ ಹೇಗೆ ಲೆಕ್ಕ ಹಾಕುತ್ತೀರಿ? ಎದ್ದದ್ದಕ್ಕಾ, ಮಲಗಿದ್ದಕ್ಕಾ? ಮನೆಯವಳ ಥರ ಎಂದಾಗಲೇ ನನಗೆ ಸಿಟ್ಟು ಬರುವುದು. ಅವಳಿಗೆ ಒಂದು ಮನೆ ಇದೆ ರೀ.

ಇನ್ನೊಂದು ಥರದವರಿದ್ದಾರೆ. ‘ಸುಮ್ನೆ ಮಗು ಆಡಿಸ್ಕೊಂಡಿರೋಕೆ ಒಂದು ಹುಡುಗಿ ಇದ್ರೆ ನೋಡಿ’ ಎಂದು ಊರಿಗೆ ಬಂದವರು ಈಗಲೂ ಮೆಲ್ಲಗೆ ಕೇಳುತ್ತಾರೆ. 14 ವರ್ಷದೊಳಗಿನವರನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದು 2006ರ ಅಕ್ಟೋಬರಿನಿಂದ ಅಪರಾಧ. ಮಗು ಆಡಿಸುವುದು ಅವರ ಲೆಕ್ಕಕ್ಕೆ ಕೆಲಸವೇ ಅಲ್ಲ.

ಹಾಗಾದರೆ ಏನು ಮಾಡೋಣ ಎನ್ನುತ್ತೀರಾ? ಕೇಳಿ. 50 ಮತ್ತು ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಲೇಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಬಹುದು ಎಂದು 2017ರಲ್ಲೇ ಕಾನೂನು ಬಂದಿದೆ. ಎಷ್ಟು ಜನ ತಮ್ಮ ಎಚ್‌ಆರ್ ಮುಂದೆ ನಿಂತು ಇದನ್ನು ಕೇಳಿದ್ದೀರಿ? ನರೇಗಾ ಕೂಲಿಗೆ ಹೋಗುವ ತಾಯಂದಿರಿಗಾಗಿ 4000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಮಾಡುತ್ತೇವೆ ಎಂದು ಸರ್ಕಾರ 2023ರ ಬಜೆಟ್‌ನಲ್ಲಿ ಹೇಳಿತು. ಹಳ್ಳಿಗೆ ಇದು ಬೇಕು ಎಂದು ಹೊಳೆದ ಮೇಲೆ ಬೆಂಗಳೂರಿನ ವಾರ್ಡುಗಳಿಗೂ ಬೇಕು ಎಂದು ಜನ ಗಲಾಟೆ ಮಾಡಬೇಕಿತ್ತು. ಮಾಡಲಿಲ್ಲ. ಗಲಾಟೆ ಮಾಡಿದರೆ ಕೇಳಿಸುವಂಥ ಜನರ ಮನೆಯಲ್ಲಿ ಆಗಲೇ ಆಯಾ ಇದ್ದಾರೆ.

ಹೆಣ್ಣುಮಕ್ಕಳು ಕೆಲಸ ಬಿಟ್ಟು ಕೂರಬೇಕಾ ಎಂದು ಹೆದರಿಸಬೇಡಿ. ನಾನು ಬಿಟ್ಟಿಲ್ಲ. ತುಮಕೂರಿನ ಒಂದು ಕಾರ್ಖಾನೆಯ ಆಫೀಸಿನಲ್ಲಿದ್ದೇನೆ. ದೊಡ್ಡವನು ಹುಟ್ಟಿದಾಗ ಹಳೆ ಕಾನೂನು, 12 ವಾರ ರಜೆ. ಚಿಕ್ಕವಳಿಗೆ 26 ವಾರ ಸಿಕ್ಕಿತು. ಆಮೇಲೆ ಇಬ್ಬರನ್ನೂ ನೋಡಿಕೊಂಡದ್ದು ಅಮ್ಮ. ಹಾಗಾದರೆ ನಿಮ್ಮ ಅಮ್ಮನೇ ನಿಮ್ಮ ಮನೆಯ ಆಯಾ ಆದರಲ್ಲ, ಅದೂ ಸಂಬಳ ಇಲ್ಲದೆ ಎಂದು ನನ್ನ ಗಂಡ ರೇಗಿಸುತ್ತಾರೆ. ಅದು ಬೇರೆ, ಇದು ಬೇರೆ. ಅವರ ಜೊತೆ ಇದನ್ನು ವಾದ ಮಾಡಲು ನಾನು ಹೋಗುವುದಿಲ್ಲ.

ಹೋದ ವರ್ಷ ಬೇಸಿಗೆಯಲ್ಲಿ ಚಿಕ್ಕವಳಿಗೆ ಅಮ್ಮ ಆಯಿತು. ನಾನು ರಜೆ ಹಾಕುತ್ತೇನೆ ಎಂದೆ. ಅಮ್ಮ ಬೇಡ ಎಂದಳು. ಬೇವಿನ ಕಡ್ಡಿ ಹಿಡಿದು ಮಗುವಿನ ಪಕ್ಕ ಕೂತವಳು ಒಂಬತ್ತು ದಿನ ಆ ಕೋಣೆ ಬಿಟ್ಟು ಹೊರಗೆ ಬರಲಿಲ್ಲ. ಬಾಗಿಲ ಹತ್ತಿರ ಹೋದರೆ ‘ನೀನು ಡ್ಯೂಟಿಗೆ ಹೋಗು, ನಾನಿದ್ದೀನಲ್ಲ’ ಎಂದು ನನ್ನನ್ನೇ ಗದರಿಸಿ ಕಳಿಸುತ್ತಿದ್ದಳು.